ಸಹಾಯ ಬೇಕು: ಇಂಗ್ಲಿಷ್ ವಾಕ್ಯದಲ್ಲಿ ‘ಹೂ’ (who) ಬರಬೇಕಾ, ‘ಹೂಮ್’ (whom) ಬರಬೇಕಾ?

ಎಲ್ಲರಿಗೂ ನಮಸ್ಕಾರ. ವಿಜಯನಗರದಲ್ಲಿ ಪಿಜಿಯಲ್ಲಿದ್ದುಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷ್‌ನ ರಿಲೇಟಿವ್ ಪ್ರೊನೌನ್ (ಹೂ, ಹೂಮ್, ವಿಚ್ ಥರದ, ಹಿಂದಿನ ನಾಮಪದಕ್ಕೆ ವಾಕ್ಯ ಜೋಡಿಸುವ ಪದಗಳು) ಹತ್ರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ವಸ್ತುವಿಗೆ ‘ವಿಚ್’, ಯಾರದ್ದು ಅನ್ನೋದಕ್ಕೆ ‘ಹೂಸ್’, ಇಷ್ಟು ಗೊತ್ತು. ‘ದಿ ಮ್ಯಾನ್ ಹೂಮ್ ವೀ ಮೆಟ್’ ಥರದ್ದೂ ಕಷ್ಟ ಇಲ್ಲ. ತಲೆ ಕೆಡಿಸಿರೋದು ಈ ವಾಕ್ಯ:

‘ದಿ ಕ್ಯಾಂಡಿಡೇಟ್ ____ ವೀ ಬಿಲೀವ್ ವಿಲ್ ವಿನ್ ಈಸ್ ಫ್ರಮ್ ಮೈಸೂರು.’

‘ಹೀ’ ಕೂರುವ ಕಡೆ ‘ಹೂ’, ‘ಹಿಮ್’ ಕೂರುವ ಕಡೆ ‘ಹೂಮ್’ ಅಂತ ಎಲ್ಲರೂ ಹೇಳಿಕೊಡುವ ಉಪಾಯ ಮಾಡಿ ನೋಡಿದೆ. ‘ವೀ ಬಿಲೀವ್ ಹಿಮ್’ ಸರಿ ಕಾಣುತ್ತೆ, ಹಾಗಾದ್ರೆ ‘ಹೂಮ್’. ಆದರೆ ‘ಹೀ ವಿಲ್ ವಿನ್’ ಕೂಡ ಸರಿ ಅಲ್ವಾ? ಆಗ ‘ಹೂ’. ಕೀ ಆನ್ಸರ್‌ನಲ್ಲಿ ‘ಹೂ’ ಅಂತಿದೆ, ಕಾರಣ ಕೊಟ್ಟಿಲ್ಲ. ಕೋಚಿಂಗ್‌ನಲ್ಲಿ ಕೇಳಿದರೆ ಸುಮ್ನೆ ಬಾಯಿಪಾಠ ಮಾಡು ಅಂದರು. ಪರೀಕ್ಷೆಯಲ್ಲಿ ಅದೇ ವಾಕ್ಯ ಕೊಡ್ತಾರಾ, ಹೇಳಿ!

ನನ್ನ ಪ್ರಶ್ನೆ: ‘ವೀ ಬಿಲೀವ್’, ‘ಐ ಥಿಂಕ್’ ಥರದ್ದು ಮಧ್ಯೆ ಬಂದಾಗ ಅದನ್ನು ತೆಗೆದುಹಾಕಿ, ಉಳಿದ ವಾಕ್ಯ ನೋಡಿ ತೀರ್ಮಾನ ಮಾಡಬೇಕಾ? ಇದು ಎಲ್ಲ ಕಡೆ ನಡೆಯುತ್ತಾ? ‘ವೀ ಬಿಲೀವ್’ ಇದ್ದೂ ‘ಹೂಮ್’ ಬರುವ ಒಂದು ಉದಾಹರಣೆ ಇದ್ದರೆ ಅದನ್ನೂ ಕೊಡಿ.