ಪುಟ್ಟಿಯ ನೈಟ್ ಡ್ಯೂಟಿ ಬಗ್ಗೆ ಚಿಕ್ಕಮ್ಮನಿಗೆ

ಚಿಕ್ಕಮ್ಮ, ಫ್ಯಾಮಿಲಿ ಗ್ರೂಪಲ್ಲಿ ನಿಮ್ಮ ಮೆಸೇಜ್ ರಾತ್ರೀನೇ ನೋಡ್ದೆ. ವಾರ್ಡಲ್ಲಿದ್ದೆ, ಪುರುಸೊತ್ತಿರ್ಲಿಲ್ಲ. ಈಗ ಹ್ಯಾಂಡೋವರ್ ಮುಗಿಸಿ ಬನಶಂಕರಿ ಬಸ್ ಸ್ಟ್ಯಾಂಡಲ್ಲಿ ಕೂತಿದ್ದೀನಿ, ಕಂಡಕ್ಟರ್ ಕೂಗೋದೂ ಕೇಳ್ಸುತ್ತೆ, ಬೇಜಾರ್ ಮಾಡ್ಕೋಬೇಡಿ. ವಾಯ್ಸ್ ಮೆಸೇಜ್ ಸ್ವಲ್ಪ ಉದ್ದ ಆಗುತ್ತೆ.

ನೀವು ಬರೆದಿದ್ದು, ನೈಟ್ ಡ್ಯೂಟಿ ಮಾಡಿದ್ರೆ ಹಾರ್ಟ್ ಅಟ್ಯಾಕ್ ಆಗುತ್ತಂತೆ, ಪುಟ್ಟಿಗೆ ಆ ನರ್ಸ್ ಕೆಲಸ ಬಿಡಿಸ್ಬಿಡೋಣ ಅಂತ. ಅದರ ಕೆಳಗೇ ಮಾವ ಹಾಕಿದ್ದಾರೆ, ರಾತ್ರಿ ಏನ್ ಕೆಲಸ, ಪೇಷಂಟೂ ಮಲಗಿರ್ತಾರೆ ಇವರೂ ಮಲಗ್ತಾರೆ ಅಂತ. ಇಬ್ರದ್ದೂ ತಪ್ಪು. ಮಾವಂದು ಸ್ವಲ್ಪ ಜಾಸ್ತಿ ತಪ್ಪು. ಮಾವ, ನಿನ್ನೆ 32 ಬೆಡ್ಡಿಗೆ ನಾವಿಬ್ರೇ ಸಿಸ್ಟರ್ಸು. ಕೂತಿದ್ದು ಒಂದೇ ಸಲ, ಅದೂ ಚಾರ್ಟ್ ಬರೆಯೋಕೆ.

ಚಿಕ್ಕಮ್ಮ, ನಿಮಗೆ ಬಂದ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ. ಅಮೆರಿಕದಲ್ಲಿ 1976ರಲ್ಲಿ 1,21,700 ನರ್ಸ್‌ಗಳನ್ನ ಸೇರಿಸ್ಕೊಂಡು ಒಂದು ಅಧ್ಯಯನ ಶುರು ಮಾಡಿದ್ರು. 1989ರಲ್ಲಿ ಇನ್ನೊಂದು ತಂಡ ಸೇರ್ತು. ಎರಡೂ ತಂಡದಿಂದ ಸುಮಾರು 1,89,000 ಹೆಂಗಸರನ್ನ 24 ವರ್ಷ ಗಮನಿಸಿ, 2016ರಲ್ಲಿ ಲೆಕ್ಕ ಪ್ರಕಟ ಮಾಡಿದ್ರು. ತಿಂಗಳಿಗೆ ಕಮ್ಮಿ ಅಂದ್ರೂ ಮೂರು ನೈಟ್, ಮಿಕ್ಕಿದ್ದು ಹಗಲು ಡ್ಯೂಟಿ, ಹೀಗೆ 10 ವರ್ಷ ದಾಟಿದೋರಿಗೆ ಹೃದಯದ ರಕ್ತನಾಳದ ಕಾಯಿಲೆ ಬರೋ ಸಾಧ್ಯತೆ 15ರಿಂದ 18 ಪರ್ಸೆಂಟ್ ಜಾಸ್ತಿ. ಐದು ವರ್ಷಕ್ಕಿಂತ ಕಮ್ಮಿ ಮಾಡಿದೋರಲ್ಲಿ ಹೇಳ್ಕೊಳ್ಳೋವಂಥ ವ್ಯತ್ಯಾಸ ಇರ್ಲಿಲ್ಲ. ನೈಟ್ ಬಿಟ್ಟು ವರ್ಷ ಕಳೆದ ಹಾಗೆ ಆ ಅಪಾಯ ಇಳಿಯುತ್ತೆ ಅನ್ನೋದೂ ಕಾಣ್ತು.

18 ಪರ್ಸೆಂಟ್ ಅಂದ ತಕ್ಷಣ ನೂರರಲ್ಲಿ ಹದಿನೆಂಟು ಜನ ಹೋದ್ರು ಅಂತ ಎದೆ ಹಿಡ್ಕೋಬೇಡಿ. ನೈಟ್ ಮಾಡದ ಸಾವಿರ ಜನದಲ್ಲಿ 50 ಜನಕ್ಕೆ ಬರೋದಾದ್ರೆ, ಮಾಡಿದ ಸಾವಿರದಲ್ಲಿ 59 ಜನಕ್ಕೆ. ಅಷ್ಟೇ. ಪುಟ್ಟಿ ಡ್ಯೂಟಿಗೆ ಸೇರಿ ಇನ್ನೂ ಎರಡು ತಿಂಗಳು.

ಯಾಕೆ ಹೀಗಾಗುತ್ತೆ ಅಂದ್ರೆ, ರಾತ್ರಿ ನಿದ್ದೆಯಲ್ಲಿ ಬಿಪಿ ಹಗಲಿಗಿಂತ 10ರಿಂದ 20 ಪರ್ಸೆಂಟ್ ಇಳೀಬೇಕು. ನಾವು ಆ ಹೊತ್ತಲ್ಲಿ ಡ್ರಿಪ್ ಬದಲಾಯಿಸ್ತಾ ಓಡಾಡ್ತಿರ್ತೀವಿ, ಎಲ್ಲಿಂದ ಇಳಿಯುತ್ತೆ? ಬೆಳಿಗ್ಗೆ ಮನೆಗೆ ಬಂದಾಗ ಬಿಸಿಲು ಕಣ್ಣಿಗೆ ಬಿದ್ದು, ತಲೆಯೊಳಗಿನ ಗಡಿಯಾರ ಈಗ ಹಗಲು, ಎದ್ದಿರು ಅನ್ನುತ್ತೆ. ಮಲಗಿದ್ರೂ ನಿದ್ದೆ ಒಂದೆರಡು ಗಂಟೆ ಕಮ್ಮೀನೇ.

ನನ್ನ ಕಥೆ ಕೇಳಿ. ಅಪ್ಪು ಹೋದ್ರಲ್ಲ, 2021ರ ಅಕ್ಟೋಬರ್ 29, ಅವರಿಗಿನ್ನೂ 46. ಆಮೇಲೆ ಜಯದೇವ ಆಸ್ಪತ್ರೆ ಮುಂದೆ ಚೆಕಪ್‌ಗೆ ಜನವೋ ಜನ. ನಮ್ಮ ಮನೆಯಿಂದಲೇ ಐದು ಜನ ಹೋಗಿದ್ರು, ಮಾವ ಬೇರೆ ಟಿಫನ್ ಕಟ್ಟಿಸ್ಕೊಂಡು. ನಾನು ಹೋಗ್ಲಿಲ್ಲ. ನೈಟ್ ಇತ್ತು. ಎರಡು ವರ್ಷ ಆದ್ಮೇಲೆ ಒಂದಿನ ರಾತ್ರಿ ಮೂರು ಗಂಟೆಗೆ ವಾರ್ಡಿಗೆ ಹೊಸ ಬಿಪಿ ಮೆಷಿನ್ ಬಂತು, ಸರಿಯಾಗಿದೆಯಾ ನೋಡೋಣ ಅಂತ ಕಫ್ ನನ್ನ ಕೈಗೇ ಸುತ್ಕೊಂಡೆ. 158ಕ್ಕೆ 98. ಮೆಷಿನ್ ಕೆಟ್ಟಿದೆ ಅಂದ್ಕೊಂಡು ಹಳೇದ್ರಲ್ಲೂ ನೋಡ್ದೆ. ಅದೇ. ದಿನಾ ರಾತ್ರಿ ಮೂವತ್ತು ಜನದ ಬಿಪಿ ಬರೆಯೋಳು, ನನ್ನದು ನೋಡ್ಕೊಂಡು ಮೂರು ವರ್ಷ ಆಗಿತ್ತು! ಈಗ ಮಾತ್ರೆ ತಗೋತೀನಿ, ಕಂಟ್ರೋಲಲ್ಲಿದೆ.

ಆಗ ಡಾಕ್ಟರ್ ಕೇಳಿದ ಮೊದಲನೇ ಪ್ರಶ್ನೆ, ಹಗಲು ಎಷ್ಟು ಹೊತ್ತು ಮಲಗ್ತೀರಾ ಅಂತ. ನನಗೆ ನಗು ಬಂತು. ಎಂಟೂವರೆಗೆ ಮನೆ ಸೇರಿದ್ರೆ ಕಸದ ಆಟೋ ಹಾಡು. ಒಂಬತ್ತಕ್ಕೆ ಸೊಪ್ಪಿನವಳು. ಹತ್ತಕ್ಕೆ ಸಿಲಿಂಡರ್, ಬೆಲ್ ಹೊಡೆದ್ರೆ ನಾನೇ ಏಳ್ಬೇಕು, ಮನೇಲಿರೋಳು ನಾನೊಬ್ಳೇ ಅಲ್ವಾ. ಹನ್ನೊಂದಕ್ಕೆ ಚಿಕ್ಕಮ್ಮ, ನೀವು ತಪ್ಪು ತಿಳ್ಕೋಬೇಡಿ, ನಿಮ್ಮ ಫೋನು. 'ಮಲಗಿದ್ಯೇನೇ? ಏನಿಲ್ಲ, ಸುಮ್ನೆ ಮಾಡ್ದೆ.' ಕಳೆದ ಸಲ ನಾಮಕರಣಕ್ಕೆ ನೈಟ್ ಮುಗಿಸಿ ನೇರ ಛತ್ರಕ್ಕೇ ಬಾ ಅಂದಿದ್ರಿ, ಬಂದಿದ್ದೆ, ಬಡಿಸೋಕೂ ನಿಂತಿದ್ದೆ. ಮಾವ ಹಗಲು ಒಂದ್ಗಂಟೆ ಕಣ್ಣು ಮುಚ್ಚಿದ್ರೆ ಇಡೀ ಮನೆ ಟಿವಿ ಸೌಂಡ್ ಕಮ್ಮಿ ಮಾಡುತ್ತೆ. ನರ್ಸ್ ಹಗಲು ಮಲಗಿದ್ರೆ ಸೋಮಾರಿ.

ಅದಕ್ಕೇ ಹೇಳೋದು, ಪುಟ್ಟಿ ಕೆಲಸ ಬಿಡೋದು ಬೇಡ, ನೀವು ಅವಳ ಹಗಲು ಬಿಟ್ಟುಕೊಡಿ. ಒಂಬತ್ತರಿಂದ ಮೂರರವರೆಗೆ ಬೆಲ್ ಸ್ವಿಚ್ ಆಫ್. ರೂಮಿಗೆ ದಪ್ಪ ಕರ್ಟನ್. ಬರೋವಾಗ ಕೂಲಿಂಗ್ ಗ್ಲಾಸ್ ಹಾಕ್ಕೊಂಡ್ರೆ ಬೆಳಕು ಕಣ್ಣಿಗೆ ಕಮ್ಮಿ ಬೀಳುತ್ತೆ. ನಾನು ಹಾಕ್ಕೊಂಡಾಗ ನಮ್ಮ ಬೀದಿಯವರು ಹೀರೋಯಿನ್ ಬಂದ್ಳು ಅಂದ್ರು, ಅನ್ಲಿ ಬಿಡಿ.

ಊಟದ್ದು ಬೇಗ ಹೇಳ್ತೀನಿ. ಡ್ಯೂಟಿಗೆ ಹೋಗೋ ಮೊದಲೇ ಮುದ್ದೆನೋ ಚಪಾತಿನೋ ಹೊಟ್ಟೆ ತುಂಬ ಹಾಕಿ ಕಳಿಸಿ. 2021ರಲ್ಲಿ ಬಂದ ಒಂದು ಪ್ರಯೋಗದಲ್ಲಿ ಜನರನ್ನ ಲ್ಯಾಬಲ್ಲಿಟ್ಟು ನೈಟ್ ಶಿಫ್ಟ್ ಥರ ಎಚ್ಚರ ಇರಿಸಿದ್ರು. ರಾತ್ರಿ ಊಟ ಮಾಡಿದೋರಿಗೆ ಶುಗರ್ ಏರ್ತು, ಹಗಲಲ್ಲಿ ಮಾತ್ರ ತಿಂದೋರಿಗೆ ಏರ್ಲಿಲ್ಲ. ಲ್ಯಾಬಲ್ಲಿ ಕೂತೋರಿಗೆ ಅದು ಸುಲಭ. ನಾಲ್ಕು ಮಹಡಿ ಹತ್ತಿ ಇಳಿಯೋಳಿಗೆ ಎರಡು ಗಂಟೆಗೆ ಹಸಿವಾಗೇ ಆಗುತ್ತೆ. ಒಂದು ಡಬ್ಬಿ ಕಡಲೆಕಾಳು ಉಸ್ಲಿ, ಒಂದು ಸೇಬು ಇಟ್ಟುಕೊಡಿ, ಇಲ್ದಿದ್ರೆ ಕ್ಯಾಂಟೀನ್ ಪಫ್ಸು, ಸಕ್ಕರೆ ಟೀನೇ ಗತಿ.

ಇನ್ನೊಂದು ಮಾತು ಪುಟ್ಟಿಗೆ, ಅವಳೂ ಕೇಳ್ತಿರ್ತಾಳೆ. ವರ್ಷಕ್ಕೊಂದ್ಸಲ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸ್ಕೊ, ಸ್ಟಾಫ್‌ಗೆ ಕಮ್ಮಿ ದುಡ್ಡಿಗೆ ಮಾಡ್ತಾರಾ ಕೇಳು. ರೋಸ್ಟರ್ ಹಾಕೋವಾಗ ನೈಟ್ ಮುಗಿಸಿದ ಮಾರನೇ ದಿನವೇ ಮಾರ್ನಿಂಗ್ ಕೊಟ್ರೆ ಇನ್‌ಚಾರ್ಜ್ ಸಿಸ್ಟರ್ ಹತ್ರ ಬಾಯಿ ಬಿಟ್ಟು ಹೇಳು, ಹೊಸಬಳು ಅಂತ ಸುಮ್ನಿರಬೇಡ. ಹಾರ್ಟ್ ಅಟ್ಯಾಕ್ ಆದಾಗ ಹೆಂಗಸರಿಗೆ ಎದೆ ನೋವೇ ಬರ್ಬೇಕು ಅಂತಿಲ್ಲ, ದವಡೆ ನೋವು, ಬೆನ್ನು ನೋವು, ಉಸಿರು ಕಟ್ಟೋದು, ವಾಕರಿಕೆ, ತಣ್ಣನೆ ಬೆವರು, ಇವೂ ಬರಬಹುದು. ನಾವು ಬೇರೆಯವರಿಗಾದ್ರೆ ತಕ್ಷಣ ಇಸಿಜಿ ತೆಗೀತೀವಿ, ನಮಗಾದ್ರೆ ಗ್ಯಾಸು ಅಂತೀವಿ. ವಾರ್ಡಲ್ಲಿದ್ರೆ ಅಲ್ಲೇ ಇಸಿಜಿ ತೆಗೆಸು, ಮನೇಲಿದ್ರೆ 108.

ಬಸ್ ಬಂತು. ಮನೆಗೆ ಹೋಗಿ ಮಲಗ್ತೀನಿ, ಫೋನ್ ಸೈಲೆಂಟ್ ಮಾಡಿರ್ತೀನಿ, ಮೂರು ಗಂಟೆವರೆಗೆ ಯಾರೂ ಫೋನ್ ಮಾಡ್ಬೇಡಿ. ಚಿಕ್ಕಮ್ಮ, ನೀವೂನೂ.