ಆಟಿಯಲ್ಲಿ ಬಂದು ನೋಡಿ

ಗುಂಪು: ತರವಾಡು ಮನೆ
ಮಂಗಳವಾರ

ಕದ್ರಿ ಚಿಕ್ಕಪ್ಪ, ರಾತ್ರಿ 8:12
[ಫಾರ್ವರ್ಡ್ ಆದ ವಿಡಿಯೊ: ನಿವೃತ್ತಿಯ ನಂತರ ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ನೆಮ್ಮದಿಯ ಬದುಕು]
ಎಲ್ಲರೂ ಪೂರ್ತಿ ನೋಡಿ. ಸುಮ್ನೆ ಹಾಕಿದ್ದಲ್ಲ. ನಾನು, ನಿಮ್ಮ ಚಿಕ್ಕಮ್ಮ ಆರು ತಿಂಗಳಿಂದ ಇದನ್ನೇ ಮಾತಾಡುತ್ತಿದ್ದೇವೆ.

ಕಾರ್ಕಳ ಅತ್ತೆ, 8:20
ತಿರುಗಾಟಕ್ಕಾ?

ಕದ್ರಿ ಚಿಕ್ಕಪ್ಪ, 8:21
ಅಲ್ಲ ಅಕ್ಕ. ಇರಲಿಕ್ಕೆ.

ಕಾರ್ಕಳ ಅತ್ತೆ, 8:26
ಇರಲಿಕ್ಕೆ ಅಂದರೆ ಎಂಥ ತಮ್ಮಾ? ನಾಗರಪಂಚಮಿಗೆ ನಾಗಬನದಲ್ಲಿ ಹಾಲಿನ ತನು ಎರೆಯಲಿಕ್ಕೆ ಯಾರು? ದೈವದ ವರ್ಷಾವಧಿ ಸೇವೆ ತಂಬಿಲಕ್ಕೆ? ನಮ್ಮ ಪಾಲಿಗೆ ಗಂಡಸು ಅಂತ ಈಗ ಊರಲ್ಲಿ ಇರುವುದು ನೀನೊಬ್ಬ. ಅರವತ್ತು ದಾಟಿದ ಮೇಲೆ ಭಾಷೆ ಗೊತ್ತಿಲ್ಲದ ಊರಿಗೆ ಹೋಗುವುದಾ? ರಾತ್ರಿ ಎದೆ ನೋವು ಬಂದರೆ ಯಾರ ಬಾಗಿಲು ತಟ್ಟುತ್ತೀ?

ಕದ್ರಿ ಚಿಕ್ಕಪ್ಪ, 8:35
ಅಕ್ಕ, ಸಿಟ್ಟು ಮಾಡಬೇಡ. ಲೆಕ್ಕ ಎಲ್ಲ ಹಾಕಿದ್ದೇನೆ. ಇಷ್ಟು ವರ್ಷ ಬ್ಯಾಂಕಿನಲ್ಲಿ ಮಾಡಿದ್ದು ಅದನ್ನೇ ಅಲ್ವಾ.
50 ವರ್ಷ ಆದವರಿಗೆ ಅಲ್ಲಿ ನಿವೃತ್ತಿ ವೀಸಾ ಉಂಟು. ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು. ಇಲ್ಲದಿದ್ದರೆ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. 8 ಲಕ್ಷ ಬಾತ್ ಅಂದರೆ ನಮ್ಮ 20 ಲಕ್ಷ ರೂಪಾಯಿಗೂ ಜಾಸ್ತಿ. ಆ ಹಣ ಉಂಟು. ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಹೊರಗೆ ಕಳಿಸಬಹುದು. 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ 20% ತೆರಿಗೆ ಅಂತ ಹಿಡಿಯುತ್ತಾರೆ. ರಿಟರ್ನ್ಸ್ ಹಾಕುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಪಿಂಚಣಿಗೆ ನವೆಂಬರಿನ ಜೀವನ ಪ್ರಮಾಣ ಪತ್ರ ಈಗ ಫೋನಿನಲ್ಲೇ ಆಗುತ್ತದೆ.

ದುಬೈ ಭಾವ, 8:51
ಚಿಕ್ಕಪ್ಪ, ಲೆಕ್ಕ ಸರಿ ಉಂಟು. ನನಗೆ ಚಿಂತೆ ಬೇರೆ.
ನಾನು ಇಲ್ಲಿಗೆ ಬಂದು 23 ವರ್ಷ. ಮಕ್ಕಳು ಇಲ್ಲೇ ಹುಟ್ಟಿದರು. ಆದರೂ ನಾನು ಇಲ್ಲಿ ಇರುವುದು ವೀಸಾದ ತಾರೀಖಿನ ಬಲದಲ್ಲಿ. ಹಿಂದೆ ಇದ್ದ ಕಂಪನಿ ಮುಚ್ಚಿದಾಗ ಒಂದೂವರೆ ತಿಂಗಳು ನಾವಿಬ್ಬರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ನಿಮಗೂ ಅಲ್ಲಿ ವರ್ಷ ವರ್ಷ ನವೀಕರಣ. 90 ದಿನಕ್ಕೊಮ್ಮೆ ವಿಳಾಸ ತಿಳಿಸಬೇಕು. ಮರಳಿ ಬರುವ ಪರ್ಮಿಟ್ ಮಾಡಿಸದೆ ಊರಿಗೆ ಬಂದರೆ ಇದ್ದ ಅನುಮತಿಯೇ ಹೋಗುತ್ತದೆ. ಅತ್ತೆಗೆ ಹುಷಾರಿಲ್ಲ ಅಂತ ರಾತ್ರಿಯೇ ಹೊರಟರೆ ಅದೆಲ್ಲ ನೆನಪಿರುತ್ತದಾ? ಜಾಗ ಕೊಳ್ಳುವ ಹಾಗಿಲ್ಲ. ಫ್ಲ್ಯಾಟ್ ಮಾತ್ರ, ಅದೂ ಒಂದು ಕಟ್ಟಡದಲ್ಲಿ ವಿದೇಶಿಯರ ಪಾಲು 49% ಮೀರಬಾರದು. 2024ರಿಂದ ತೆರಿಗೆಯೂ ಬದಲಾಗಿದೆ. ವರ್ಷಕ್ಕೆ 180 ದಿನ ಅಲ್ಲಿದ್ದವರು ಹೊರಗಿನ ಆದಾಯ ಅಲ್ಲಿಗೆ ತಂದರೆ ಅದೂ ಲೆಕ್ಕಕ್ಕೆ ಬರುತ್ತದೆ. ದಯವಿಟ್ಟು ಕದ್ರಿ ಮನೆ ಮಾರಬೇಡಿ.

ಕದ್ರಿ ಚಿಕ್ಕಪ್ಪ, 8:54
ಮಾರುವುದಿಲ್ಲ. ಅದು ನಿನ್ನ ಚಿಕ್ಕಮ್ಮನ ಹೆಸರಿನಲ್ಲಿ ಉಂಟು.

ಪುಟ್ಟ ಬೆಂಗಳೂರು, 9:05
ಮಾವ, ನಾನು ಬ್ಯಾಂಕಾಕ್‌ನಲ್ಲಿ ಎರಡು ವರ್ಷ ಇದ್ದೆ ಅಲ್ವಾ. ಒಳ್ಳೆಯ ಜನ. ಗುರುತಿಲ್ಲದವರನ್ನೂ ನಮ್ಮ ಹಾಗೆ ಸಂಬಂಧ ಹಿಡಿದೇ ಕರೆಯುತ್ತಾರೆ. ದೊಡ್ಡವರಿಗೆ ಪೀ, ಸಣ್ಣವರಿಗೆ ನಾಂಗ್. ಎದುರು ಸಿಕ್ಕಿದರೆ "ಕಿನ್ ಖಾವ್ ರೂ ಯಾಂಗ್" ಅಂತ ಕೇಳುತ್ತಾರೆ. ಊಟ ಆಯ್ತಾ ಅಂತ. ಸರಿಯಾಗಿ ನಮ್ಮ "ವನಸ್ ಆಂಡಾ". ನನಗೆ ಅದು ಕೇಳಿದಾಗಲೆಲ್ಲ ಅಮ್ಮನ ನೆನಪಾಗುತ್ತಿತ್ತು.
ಆದರೆ ಭಾಷೆ ಕಷ್ಟ. ಒಂದೇ ಅಕ್ಷರಕ್ಕೆ ಐದು ಸ್ವರ, ಅಂದರೆ ದನಿಯ ಏರಿಳಿತ. "ಮಾ" ಅಂದರೆ ಬಾ. ಸ್ವರ ಬದಲಾದರೆ ಅದೇ ಕುದುರೆ, ಅದೇ ನಾಯಿ. ಚಿಯಾಂಗ್ ಮಾಯ್ ಕಡೆ ಹಳಬರು ಮನೆಯಲ್ಲಿ ಬೇರೆಯೇ ಮಾತು ಆಡುತ್ತಾರೆ, ಕಮ್ ಮುಆಂಗ್ ಅಂತ.
ಇನ್ನೊಂದು. ಈ ವಿಡಿಯೊ ಡಿಸೆಂಬರಿನದ್ದು ಇರಬೇಕು. ಜನ ಸ್ವೆಟರ್ ಹಾಕಿದ್ದಾರೆ, ಹಿಂದೆ ಡೋಯ್ ಸುಥೆಪ್ ಬೆಟ್ಟ ಸ್ಪಷ್ಟ ಕಾಣುತ್ತದೆ. ಫೆಬ್ರವರಿಯಿಂದ ಏಪ್ರಿಲ್ ತನಕ ಗದ್ದೆಯ ಕೂಳೆ ಸುಡುತ್ತಾರೆ, ಕಾಡಿಗೂ ಬೆಂಕಿ ಬೀಳುತ್ತದೆ. ಸುತ್ತ ಬೆಟ್ಟ, ಹೊಗೆ ಹೊರಗೆ ಹೋಗುವುದಿಲ್ಲ. ಮಾರ್ಚಿನಲ್ಲಿ ಎಷ್ಟೋ ದಿನ ಆ ಬೆಟ್ಟವೇ ಕಾಣುವುದಿಲ್ಲ. ಜಗತ್ತಿನಲ್ಲೇ ಅತಿ ಕೆಟ್ಟ ಗಾಳಿಯ ನಗರಗಳ ಪಟ್ಟಿಯಲ್ಲಿ ಆಗ ಅದರ ಹೆಸರು ಮೇಲೆ ಬರುತ್ತದೆ. ಮಾವ, ನಿಮಗೆ ದಮ್ಮಿನ ಕಾಯಿಲೆ ಉಂಟು.

ಕಾರ್ಕಳ ಅತ್ತೆ, 9:08
ನೋಡು. ನಾನು ಹೇಳಿದ್ದು ಇದನ್ನೇ. ಇಲ್ಲಿಗೇ ಮುಗಿಯಿತು ಈ ವಿಷಯ.

ನಾನು, 9:24
ಅತ್ತೆ, ಒಂದು ನಿಮಿಷ. ಮುಗಿದಿಲ್ಲ ಅಂತ ನನಗೆ ಕಾಣುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.
ಈ ಗುಂಪಿನಲ್ಲಿ ಹೊರಗಿನಿಂದ ಬಂದು ಇಲ್ಲಿಯವಳಾದವಳು ನಾನು. ಧಾರವಾಡದಿಂದ ಉಡುಪಿಗೆ ಬಂದದ್ದು 2006ರ ಡಿಸೆಂಬರಿನಲ್ಲಿ. ಮಲ್ಪೆ ಕಡಲು, ಸಂಜೆಯ ಗಾಳಿ, ಗದ್ದೆಯಲ್ಲಿ ಬೆಳಗಿನ ತನಕ ಯಕ್ಷಗಾನದ ಆಟ. ಸ್ವರ್ಗಕ್ಕೆ ಬಂದೆ ಅಂತ ಅವ್ವನಿಗೆ ಫೋನ್ ಮಾಡಿದ್ದೆ. ಜಡಿಮಳೆಯ ಆಟಿ ತಿಂಗಳು ಬಂದಾಗ ಅಳುತ್ತಾ ಫೋನ್ ಮಾಡಿದೆ. ಒಗೆದ ಬಟ್ಟೆ ಐದು ದಿನಕ್ಕೂ ಒಣಗುವುದಿಲ್ಲ. ಚಪ್ಪಲಿಗೆ ಬೂಸ್ಟು. ಕರೆಂಟ್ ಇಲ್ಲ. ಮನೆಯಲ್ಲಿ ಎಲ್ಲರೂ ತುಳುವಿನಲ್ಲಿ ನಗುತ್ತಾ ಮಾತಾಡುತ್ತೀರಿ, ನಾನು ಒಳಗೆ ಬಂದ ಕೂಡಲೇ ಕನ್ನಡಕ್ಕೆ ತಿರುಗುತ್ತೀರಿ. ನನ್ನ ಮೇಲಿನ ಪ್ರೀತಿಗೇ ಹಾಗೆ ಮಾಡಿದ್ದು, ಗೊತ್ತು. ಆದರೆ ಪ್ರತಿ ಸಲ ತಿರುಗುವಾಗಲೂ ನಾನು ಈ ಮನೆಗೆ ನೆಂಟಳು ಅಂತ ಅನಿಸುತ್ತಿತ್ತು.
ತಿರುಗದವರು ಒಬ್ಬರೇ, ಬುಟ್ಟಿ ಹೊತ್ತು ಬರುವ ಮೀನಿನ ಅಮ್ಮ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಜೂನ್, ಜುಲೈ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ ಅಲ್ವಾ, ಒಣಮೀನು ತರುತ್ತಿದ್ದರು. ಮಳೆ ಬಿಡುವ ತನಕ ನಮ್ಮ ಜಗಲಿಯಲ್ಲಿ ಕೂರುತ್ತಿದ್ದರು. ನಾನು ತುಳು ಕಲಿತದ್ದು ಆ ಜಗಲಿಯಲ್ಲಿ. ಮಳೆ ಇಲ್ಲದಿದ್ದರೆ ಅವರು ಕೂರುತ್ತಲೂ ಇರಲಿಲ್ಲ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ನೀವೇ ಕುಡಿಸಿದ್ದಿರಿ ಅತ್ತೆ. ಕಹಿಗೆ ಕಣ್ಣಲ್ಲಿ ನೀರು ಬಂತು. ಅವತ್ತು ಮೊದಲ ಸಲ "ಯಾವು" ಅಂದೆ, ಸಾಕು ಅಂತ. ಎಲ್ಲರೂ ತುಳುವಿನಲ್ಲೇ ಉತ್ತರ ಕೊಟ್ಟಿರಿ. ಆಮೇಲೆ ಯಾರೂ ಕನ್ನಡಕ್ಕೆ ತಿರುಗಲಿಲ್ಲ.
ಹಾಗಾಗಿ ಚಿಕ್ಕಪ್ಪ, ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಡಿಸೆಂಬರಿನಲ್ಲಿ ನೋಡಿ ತೀರ್ಮಾನ ಮಾಡಬೇಡಿ ಅಂತ ಹೇಳುತ್ತೇನೆ. ಪ್ರತಿ ಊರಿಗೂ ಅದರ ಆಟಿ ಇರುತ್ತದೆ. ಅದನ್ನು ನೋಡಿ ಬನ್ನಿ.

ದುಬೈ ಭಾವ, 9:31
ಅವಳು ಮದುವೆಯಾಗಿ ಬಂದದ್ದು. ಬಂದ ದಿನವೇ ಒಂದು ಮನೆ, ಹತ್ತು ಜನ ಇದ್ದರು. ಚಿಕ್ಕಪ್ಪನಿಗೆ ಅಲ್ಲಿ ಯಾರಿದ್ದಾರೆ? ಎರಡೂ ಒಂದೇ ಅಲ್ಲ.

ನಾನು, 9:33
ಅದು ಸರಿ ಭಾವ. ಆ ವ್ಯತ್ಯಾಸ ದೊಡ್ಡದೇ.

ಕದ್ರಿ ಚಿಕ್ಕಮ್ಮ, 9:50
ನಾನು ಟೈಪ್ ಮಾಡುವುದು ನಿಧಾನ. ಎಲ್ಲ ಓದಿದೆ.
ಮೊದಲು ಹೇಳಿದ್ದು ಇವರಲ್ಲ, ನಾನು. ಇವರ ಮೇಲೆ ಯಾರೂ ಸಿಟ್ಟಾಗಬೇಡಿ.
ಅಕ್ಕ, ರಾತ್ರಿ ಯಾರ ಬಾಗಿಲು ತಟ್ಟುತ್ತೀರಿ ಅಂತ ಕೇಳಿದಿರಿ. ಹೋದ ಆಟಿಯಲ್ಲಿ ನಾನು ಬಚ್ಚಲಲ್ಲಿ ಜಾರಿ ಬಿದ್ದೆ. ಇವರು ಆ ದಿನ ಮದುವೆಗೆ ಅಂತ ಶಿವಮೊಗ್ಗಕ್ಕೆ ಹೋಗಿದ್ದರು. ಕೈ ಮುರಿದಿತ್ತು. ಹೇಗೋ ಹೊರಗೆ ಬಂದು ಮೂರು ಮನೆಯ ಬೆಲ್ ಒತ್ತಿದೆ. ಒಂದು ಮನೆಗೆ ಬೀಗ. ಒಂದರಲ್ಲಿ ಟಿವಿ ಶಬ್ದ ಕೇಳುತ್ತಿತ್ತು, ಬಾಗಿಲು ತೆರೆಯಲಿಲ್ಲ. ಇನ್ನೊಂದರಲ್ಲಿ ಯಾರು ಇರುವುದು ಅಂತಲೇ ನನಗೆ ಗೊತ್ತಿರಲಿಲ್ಲ. ಕೊನೆಗೆ ರಿಕ್ಷಾ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಕೆಳಗಿನ ವಾಚ್‌ಮನ್ ಹುಡುಗ. ಅಸ್ಸಾಮಿನವನು. ಎರಡು ವರ್ಷದಲ್ಲಿ ತುಳು ಕಲಿತಿದ್ದಾನೆ. ದಾರಿಯುದ್ದಕ್ಕೂ "ಪೋಡ್ಯೊಡ್ಚಿ ಅಮ್ಮ" ಅನ್ನುತ್ತಿದ್ದ, ಹೆದರಬೇಡಿ ಅಂತ.
ಹಳೆಯ ಮನೆ ಕೆಡವಿ ಫ್ಲ್ಯಾಟ್ ಕಟ್ಟಿದ ಮೇಲೆ ನಮ್ಮ ಓಣಿಯಲ್ಲಿ ನನ್ನ ಗುರುತಿನವರು ಇಬ್ಬರೇ. ಒಬ್ಬರು ಮಗಳ ಹತ್ತಿರ ಹೋದರು. ನಮ್ಮ ಮಕ್ಕಳು ಅಮೆರಿಕದಲ್ಲಿ. ನಾನು ಹುಟ್ಟಿ ಬೆಳೆದ ಊರಲ್ಲೇ ಹೊರಗಿನವಳ ಹಾಗೆ ಇದ್ದೇನೆ. ಹೊರಗಿನವಳಾಗಿಯೇ ಇರಬೇಕಾದರೆ, ಎದುರು ಸಿಕ್ಕಿದವರು ಊಟ ಆಯ್ತಾ ಅಂತ ಕೇಳುವ ಊರಲ್ಲಿ ಇರೋಣ ಅಂತ ಅನಿಸಿತು. ಮೂರು ತಿಂಗಳಿಂದ ಫೋನಿನಲ್ಲಿ ಆ ಭಾಷೆ ಕಲಿಯುತ್ತಿದ್ದೇನೆ. ಪುಟ್ಟ ಹೇಳಿದ ಆ "ಮಾ" ನನಗೆ ಈಗ ಮೂರು ರೀತಿಯಲ್ಲೂ ಬರುತ್ತದೆ.

ಪುಟ್ಟ ಬೆಂಗಳೂರು, 9:53
ಮಾಮಿ, ಒಂದು ವಾಯ್ಸ್ ಕಳಿಸಿ.

[ಕದ್ರಿ ಚಿಕ್ಕಮ್ಮ: ಧ್ವನಿ ಸಂದೇಶ, 0:07]

ಪುಟ್ಟ ಬೆಂಗಳೂರು, 9:55
ನಾಯಿ, ಕುದುರೆ ಎರಡೂ ಸರಿ. ನನಗೆ ಎರಡು ವರ್ಷದಲ್ಲೂ ಹೀಗೆ ಬರಲಿಲ್ಲ.

ದುಬೈ ಭಾವ, 10:01
ಚಿಕ್ಕಮ್ಮ, ಕೈ ಮುರಿದದ್ದು ಬಸ್ಸು ಇಳಿಯುವಾಗ ಅಂತ ನಮಗೆಲ್ಲ ಹೇಳಿದ್ದಿರಿ.

ಕದ್ರಿ ಚಿಕ್ಕಮ್ಮ, 10:02
ಹೌದು. ನಿಮಗೆ ಬೇಜಾರಾಗುತ್ತದೆ ಅಂತ.

ಕದ್ರಿ ಚಿಕ್ಕಪ್ಪ, 10:10
ಆ ಊರಿನ ಆಟಿ ನೋಡಿ ಬನ್ನಿ ಅಂದದ್ದು ಸರಿ. ಹೊಗೆಯ ವಿಷಯ ನಾನು ಓದಿದ್ದೆ. ಓದಿಯೂ ಅದಕ್ಕೆ ಬೆಲೆ ಕೊಡಲಿಲ್ಲ, ಅದು ನನ್ನ ತಪ್ಪು. ಮಾರ್ಚಿನಲ್ಲೇ ಹೋಗುತ್ತೇವೆ. ಒಂದು ತಿಂಗಳು ಸಣ್ಣ ಬಾಡಿಗೆ ಮನೆ, ಇಲ್ಲಿಯ ಮನೆ ಹಾಗೇ ಇರಲಿ. ಉಸಿರು ಕಟ್ಟಿದರೆ ಮರುದಿನವೇ ವಾಪಸ್. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನಾಲ್ಕೇ ಗಂಟೆ. ಏಪ್ರಿಲ್ 13ರಿಂದ 15 ಅವರ ಹೊಸ ವರ್ಷ, ನಮ್ಮ ಬಿಸುವಿನ ಸಮಯಕ್ಕೇ. ಆ ದಿನ ಸಣ್ಣವರು ದೊಡ್ಡವರ ಕೈಗೆ ನೀರೆರೆದು ಆಶೀರ್ವಾದ ಕೇಳುತ್ತಾರಂತೆ. ಅಷ್ಟು ದಿನ ನಿಲ್ಲಲು ಆದರೆ ಅದನ್ನೂ ನೋಡಿಕೊಂಡು ಬರುತ್ತೇವೆ.

ದುಬೈ ಭಾವ, 10:14
ಮಾರ್ಚಿನಲ್ಲಿ ದಮ್ಮಿನ ಡಾಕ್ಟರನ್ನು ಕೇಳದೆ ಹೋಗುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಕೇಳಿ ಹೋಗಿ. ಅಲ್ಲೇ ನೆಲೆಸುವುದಕ್ಕೆ ಈಗಲೂ ಒಪ್ಪಿಗೆ ಇಲ್ಲ. ಅದನ್ನು ಬಂದ ಮೇಲೆ ಮಾತಾಡುವ.

ನಾನು, 10:16
ಅತ್ತೆ, ಇದ್ದೀರಾ?

ಕಾರ್ಕಳ ಅತ್ತೆ, 10:40
ಇದ್ದೇನೆ.
ಕಾರ್ಕಳದಿಂದ ಕದ್ರಿಗೆ ಒಂದೂವರೆ ಗಂಟೆ ದಾರಿ. ಹೋದ ವರ್ಷ ನಾನು ಅಲ್ಲಿಗೆ ಬಂದದ್ದು ಎರಡೇ ಸಲ. ಕೈಗೆ ಪಟ್ಟಿ ಇರುವಾಗ ಬಂದಾಗಲೂ ಸಂಜೆಯ ಬಸ್ಸಿಗೆ ಹೊರಟೆ. ನೀನು ನನಗಾದರೂ ಹೇಳಬಹುದಿತ್ತು ಮಾರಾಯ್ತಿ.
ಭಾನುವಾರ ಬರುತ್ತೇನೆ. ಎರಡು ದಿನ ನಿಲ್ಲುತ್ತೇನೆ. ಹಿತ್ತಲಲ್ಲಿ ಕೆಸುವಿನ ಎಲೆ ಚೆನ್ನಾಗಿ ಬಂದಿದೆ, ಪತ್ರೊಡೆ ಮಾಡಿ ತರುತ್ತೇನೆ. ಆ ವಾಚ್‌ಮನ್ ಹುಡುಗ ತಿನ್ನುತ್ತಾನಾ?

ಕದ್ರಿ ಚಿಕ್ಕಮ್ಮ, 10:43
ತಿನ್ನುತ್ತಾನೆ ಅಕ್ಕ. ಖಾರ ಸ್ವಲ್ಪ ಕಡಿಮೆ ಹಾಕಿ.