ಸಹಾಯ ಬೇಕು: ಕಾಗದದ ನೋಟು ಮತ್ತು ಬಡ್ಡಿಯ ವಾದ
ಕಾಗದದ ನೋಟನ್ನು ಹಂತ ಹಂತವಾಗಿ ನಿಲ್ಲಿಸಬೇಕಾ ಅನ್ನುವ ಚರ್ಚೆಗೆ ತಯಾರಾಗುತ್ತಿದ್ದೇನೆ. ಕಪ್ಪುಹಣದ ವಾದ ಗೊತ್ತು. ಯುರೋಪಿನ ಕೇಂದ್ರ ಬ್ಯಾಂಕು 500 ಯುರೋ ನೋಟು ನಿಲ್ಲಿಸಲು 2016ರಲ್ಲಿ ತೀರ್ಮಾನಿಸಿದ್ದೂ ಅಕ್ರಮ ವ್ಯವಹಾರದ ಭಯಕ್ಕೇ. ತಲೆಗೆ ಹತ್ತದೇ ಇರುವುದು ಬಡ್ಡಿಯ ವಾದ. ಬಡ್ಡಿ ಸೊನ್ನೆಗಿಂತ ತೀರಾ ಕೆಳಗಿಳಿದರೆ, ಅಂದರೆ ಠೇವಣಿ ಇಟ್ಟವರೇ ಬ್ಯಾಂಕಿಗೆ ದುಡ್ಡು ಕೊಡಬೇಕಾದರೆ, ಜನ ದುಡ್ಡು ತೆಗೆದು ಮನೆಯಲ್ಲಿಟ್ಟುಕೊಳ್ಳುತ್ತಾರೆ, ನೋಟೇ ಇಲ್ಲದಿದ್ದರೆ ಆ ದಾರಿ ಮುಚ್ಚುತ್ತದೆ, ಸರಿ. ಆದರೆ ಅದೇ ಯುರೋಪಿನ ಕೇಂದ್ರ ಬ್ಯಾಂಕು 2014ರಲ್ಲಿ, ನೋಟು ಇದ್ದಾಗಲೇ, ಬೇರೆ ಬ್ಯಾಂಕುಗಳು ತನ್ನಲ್ಲಿಡುವ ಠೇವಣಿಯ ಬಡ್ಡಿಯನ್ನು ಸೊನ್ನೆಗಿಂತ ಕೆಳಗಿಳಿಸಿತ್ತು ಅಲ್ವಾ? ಹಾಗಾದರೆ ನೋಟು ನಿಜಕ್ಕೂ ಎಷ್ಟು ಅಡ್ಡಿ? ಇನ್ನೊಂದು, ನೋಟು ಅಚ್ಚು ಹಾಕುವುದರಿಂದ ಬರುವ ಲಾಭ ಡಿಜಿಟಲ್ ಕರೆನ್ಸಿಯಲ್ಲೂ ಸಿಗುತ್ತದಾ? ವಿರೋಧದ ಕಡೆಗೆ ಬ್ಯಾಂಕ್ ಖಾತೆ ಇಲ್ಲದವರು, ಕರೆಂಟ್ ಹೋದಾಗಿನ ಪಾವತಿ, ಖಾಸಗಿತನ ಬರೆದುಕೊಂಡಿದ್ದೇನೆ. ಅರ್ಥಶಾಸ್ತ್ರ ಓದಿದವರು ಸ್ವಲ್ಪ ಬಿಡಿಸಿ ಹೇಳಿ. ಸುಮ್ನೆ ಕಾಲ ಬದಲಾಗಿದೆ ಅನ್ನುವ ಉತ್ತರ ಬೇಡ, ಅದು ಈಗಾಗಲೇ ಜಾಸ್ತಿ ಸಿಕ್ಕಿದೆ.